ಟೀವಿಯ ದೆವ್ವಕ್ಕೆ ಕಡ್ಡಿ ಮೆಣಸಿನಕಾಯಿ

ದೆವ್ವಗಳ ವಿಷಯದಲ್ಲಿ ನಾನು ಸಾಕಷ್ಟು ತಿಳಿದವನು. ಆರು ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟೀವಿಯ ಮುಂದೆ ಕುಳಿತು ಅದನ್ನೇ ಅಭ್ಯಾಸ ಮಾಡಿದ್ದೆ. ಹದಿನಾರರ ಹುಡುಗಿಯೊಬ್ಬಳು ಶಾಲೆ ಮುಗಿಸಿ, ಪಾಟೀಚೀಲ ಮೂಲೆಗೆಸೆದು, ದೆವ್ವ ರಾಕ್ಷಸರನ್ನು ಬೇಟೆಯಾಡುವ ಧಾರಾವಾಹಿ. ಏಳನೆಯ ತರಗತಿಯ ಮಗಳು ರೂಪಾಳಿಗೆ ಜೊತೆಯಾಗಲೆಂದು ನೋಡುತ್ತೇನೆ ಎಂದು ಹೆಂಡತಿಗೆ ಹೇಳಿದ್ದೆ. ರೂಪಾ ಊರಲ್ಲಿಲ್ಲದ ವಾರವೂ ನೋಡಿದ್ದೇನೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ವಾರಕ್ಕೊಂದು ಸುಖ ಬೇಡವೇ?

ಕೊನೆಯ ಕಂತಿನ ಹಿಂದಿನ ದಿನ ರೂಪಾ ಆ ಹುಡುಗಿಯ ಹಾಗೆ ಕಂಪೌಂಡಿನಿಂದ ಹಾರಿ ಕಾಲು ಉಳುಕಿಸಿಕೊಂಡಳು. ರಾತ್ರಿ ಜ್ವರವೂ ಬಂತು. ಬೆಳಿಗ್ಗೆ ಮೊದಲ ಬಸ್ಸಿಗೇ ಕುಪ್ಪೇಲೂರಿನಿಂದ ಅತ್ತೆ ಬಂದಿಳಿದರು. ಟೀವಿಯೊಳಗಿನ ದೆವ್ವ ಮೊಮ್ಮಗಳನ್ನು ಹಿಡಿದಿದೆ ಎಂದು ತೀರ್ಪು ಕೊಟ್ಟು, ದೃಷ್ಟಿ ತೆಗೆಯಲು ಒಣ ಮೆಣಸಿನಕಾಯಿ ಕೇಳಿದರು. ಹುಡುಗಿಗೆ ನಿವಾಳಿಸಿ ಇಳಿ ತೆಗೆದು ಕೆಂಡಕ್ಕೆ ಹಾಕಿದಾಗ ಘಾಟು ಬಂದರೆ ಏನೂ ಇಲ್ಲ. ಬರದಿದ್ದರೆ ಇದೆ.

ಅಡುಗೆಮನೆಯ ಡಬ್ಬಿಯಲ್ಲಿ ಖಾರಕ್ಕೆಂದು ತಂದ ಗುಂಟೂರು ಕಾಯಿ ಇತ್ತು. ನನ್ನ ಮಗಳಿಗೆ ಹೊರಗಿನ ಮಾಲೇ? ಮಾರುವ ಚೀಲ ಬಿಚ್ಚಿ ನಮ್ಮ ಬ್ಯಾಡಗಿಯ ನಂಬರ್ ಒನ್ ಕಡ್ಡಿ ಮೆಣಸಿನಕಾಯಿಯನ್ನು ಒಂದೊಂದಾಗಿ ಆರಿಸಿ ಕೊಟ್ಟೆ. ಕಡುಗೆಂಪು ಬಣ್ಣ, ಮೈತುಂಬ ಸುಕ್ಕು, ಖಾರ ಮಾತ್ರ ಹೆಸರಿಗಷ್ಟೇ. ಅದನ್ನೇ ಹೊಗಳಿ ಇಪ್ಪತ್ತು ವರ್ಷ ವ್ಯಾಪಾರ ಮಾಡಿದವನಿಗೆ ಆ ಗಳಿಗೆಯಲ್ಲಿ ಅದೇ ಮರೆತುಹೋಗಿತ್ತು!

ಹೊಗೆ ಬಂತು, ಘಾಟು ಬರಲಿಲ್ಲ. ಇನ್ನೊಂದು ಹಿಡಿ ಹಾಕಿದರು. ಊದಿನಕಡ್ಡಿ ಹಚ್ಚಿದಷ್ಟೂ ತೊಂದರೆಯಾಗಲಿಲ್ಲ. ಅತ್ತೆ ತಮ್ಮ ಹಳೆಯ ಸೀರೆಯನ್ನು ಟೀವಿಗೆ ಸುತ್ತಿ ಗಂಟು ಹಾಕಿದರು. ಗಂಟೆ ಒಂಬತ್ತೂಮುಕ್ಕಾಲು.

“ಅತ್ತೀಯವರ, ಅದು ದೆವ್ವ ಅಲ್ರಿ, ನಮ್ಮ ಮಾಲಿನ ಗುಣ. ಅದರಾಗ ಖಾರನ ಇಲ್ಲ” ಎಂದೆ.

“ನಿಮ್ಮ ಮಾಲು ನೀವು ಮಾರ್ಕೋರಿ ಅಳಿಯಂದ್ರ. ಇವತ್ತ ಟೀವಿ ಹಚ್ಚಂಗಿಲ್ಲ.”

ಸಿಟ್ಟು ನೆತ್ತಿಗೇರಿತು. ಆರು ತಿಂಗಳು ಕಾದ ಕಂತು! ಗುಂಟೂರಿನ ಇಡೀ ಡಬ್ಬಿಯನ್ನು ಕೆಂಡಕ್ಕೆ ಸುರಿದೆ. ಯಾರಿಗೂ ಅನುಮಾನ ಉಳಿಯಬಾರದೆಂದು ಕಿಟಕಿಗಳನ್ನೂ ಮುಚ್ಚಿದೆ. ಸೀರೆ ಕಿತ್ತೆಸೆದು ಟೀವಿ ಹಚ್ಚಿದೆ.

ಅಷ್ಟರಲ್ಲಿ ಘಾಟು ಎದ್ದಿತು. ಹೆಂಡತಿ ರೂಪಾಳನ್ನು ಬೆನ್ನಿಗೇರಿಸಿಕೊಂಡು ಹೊರಗೆ ಓಡಿದಳು, ಹಿಂದೆ ಅತ್ತೆ, ಅವರ ಹಿಂದೆ ನಾನು. ಎರಡೂ ಪಕ್ಕದ ಮನೆಗಳವರು ಕೆಮ್ಮುತ್ತ ಬೀದಿಗೆ ಬಂದರು. ದೃಷ್ಟಿಯಿಲ್ಲವೆಂಬುದು ಸಾಬೀತಾಯಿತು, ಆದರೆ ಒಳಗೆ ಕಾಲಿಡುವಂತಿರಲಿಲ್ಲ. ಮುಚ್ಚಿದ ಕಿಟಕಿಯ ಆಚೆ ಕೊನೆಯ ಕಂತು ಶುರುವಾಯಿತು. ಟವೆಲ್ ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡು ಎರಡು ಸಲ ನುಗ್ಗಿದೆ, ಎರಡು ಸಲವೂ ಕುರುಡನಾಗಿ ಹೊರಬಿದ್ದೆ.

ಮೈಯೆಲ್ಲ ಉರಿಯುತ್ತಿತ್ತು. ಬೀದಿಯ ನಡುವೆ ನಿಂತು ಅತ್ತೆಯನ್ನು ಬೈದೆ, ಕುಪ್ಪೇಲೂರಿನ ಬಸ್ಸನ್ನು ಬೈದೆ, ಮೆಣಸಿನಕಾಯಿಯನ್ನು ಮೊದಲು ಬಿತ್ತಿದ ಪುಣ್ಯಾತ್ಮನನ್ನು ಬೈದೆ. ಕಣ್ಣು ಕೆಂಪು, ಮೂಗು ಬಾಯಿಯಲ್ಲಿ ನೀರು, ಕೂದಲು ಕೆದರಿತ್ತು. ಮಂದಿ ನೋಡುತ್ತಿದ್ದಾರೆ, ಸುಮ್ಮನಿರಿ ಎಂದು ಹೆಂಡತಿ ಬೇಡಿಕೊಂಡಳು. ನಾನು ಇನ್ನಷ್ಟು ಕೂಗಿದೆ.

ಅತ್ತೆ ನನ್ನನ್ನೇ ದಿಟ್ಟಿಸಿ ನೋಡಿ, ಪಕ್ಕದ ಮನೆಯವರಿಗೆ ಹೇಳಿದರು: “ಹುಡುಗೀನ ಬಿಟ್ಟು ಈಗ ಇವರ ಮೈಮ್ಯಾಲ ಬಂದೈತಿ. ಗಟ್ಟಿ ಹಿಡಕೋರಿ.”

ಇಬ್ಬರು ಹಿಡಿದುಕೊಂಡರು. ಬಿಡಿ ಎಂದು ಒದರಿದಷ್ಟೂ ಹಿಡಿತ ಬಿಗಿಯಾಯಿತು. ಯಾರೋ ಬೇವಿನ ಟೊಂಗೆ ತಂದು ಅತ್ತೆಯ ಕೈಗೆ ಕೊಟ್ಟರು. ಜ್ವರ ಮರೆತು ರೂಪಾ ಎದುರಿನ ಕಟ್ಟೆಯ ಮೇಲೆ ಕುಳಿತು ಕಣ್ಣು ಮಿಟುಕಿಸದೆ ನೋಡಿದಳು.

ಒಳಗೆ ಟೀವಿಯಲ್ಲಿ ಆ ಹುಡುಗಿ ಕೊನೆಗೆ ಯಾರನ್ನು ಕೊಂದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಗೆ ನನ್ನ ಅತ್ತೆ ಯಾರನ್ನು ಬಡಿದರು ಎಂಬುದು ಮಾತ್ರ ಇಡೀ ಓಣಿಗೆ ಗೊತ್ತು.