ನಡೆಯಬಾರದಿದ್ದ ಗಡಿಯಾರ

ಕೆಟ್ಟ ಸಾಮಾನು ಮಾರಿ ಬೈಸಿಕೊಂಡವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಒಳ್ಳೆಯದನ್ನು ಕಳಿಸಿ ಬೈಸಿಕೊಂಡವರು ನಮ್ಮ ಗುಮಾಸ್ತರೊಬ್ಬರೇ.

ಅವರು ಆನ್‌ಲೈನಿನಲ್ಲಿ ಮಾರಿದ್ದು ಮಾವ ಕೊಟ್ಟಿದ್ದ ಗೋಡೆ ಗಡಿಯಾರ. ಗಂಟೆಗೊಮ್ಮೆ ಬೀದಿಗೆಲ್ಲ ಕೇಳುವಂತೆ ಬಾರಿಸುತ್ತಿದ್ದ ಅದು ಮೂರು ವರ್ಷದ ಹಿಂದೆ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಅಂದು ಹೆಂಡತಿ ಕಣ್ಣೀರು ಹಾಕಿದ್ದಳು, ಗುಮಾಸ್ತರು ಸುಖವಾಗಿ ನಿದ್ದೆ ಮಾಡಿದ್ದರು. "ಕೆಟ್ಟಿದೆ, ನಡೆಯುವುದಿಲ್ಲ" ಎಂದು ಬರೆದು ಹಾಕಿದ್ದಕ್ಕೆ ಕಡಲಾಚೆಯ ಒಬ್ಬ ಸಾಹೇಬ ಒಳ್ಳೆಯ ಬೆಲೆಗೇ ಕೊಂಡ. ಸಾಮಾನು ಸರಿಯಿದೆ ಎಂದು ಅವನು ಒಪ್ಪುವವರೆಗೆ ಹಣ ಜಾಲತಾಣದವರ ಬಳಿಯೇ ಇರುತ್ತದೆ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ದೂರು ಬಂತು. "ನಾನು ಕೆಟ್ಟು ನಿಂತ ಗಡಿಯಾರಗಳನ್ನಷ್ಟೇ ಸಂಗ್ರಹಿಸುವವನು. ನಲವತ್ತು ಗಡಿಯಾರ ತೆಪ್ಪಗಿವೆ. ನಿಮ್ಮದಕ್ಕೆ ಕೀ ತಿರುಗಿಸಿ ನೋಡಿದೆ, ಬಾರಿಸುತ್ತಿದೆ! ಹಣ ವಾಪಸ್ ಕೊಡಿ." ಸಂಜೆ ಐದರೊಳಗೆ ಪುರಾವೆ ಕೊಡದಿದ್ದರೆ ಹಣ ಅವನಿಗೆ, ಗಡಿಯಾರ ನಿಮಗೆ ಎಂದು ಜಾಲತಾಣದವರು ಕೆಳಗೆ ಸೇರಿಸಿದ್ದರು.

ಗಡಿಯಾರ ವಾಪಸ್ ಬರುತ್ತದೆಂದು ಓದಿದ್ದೇ ತಡ, ಗುಮಾಸ್ತರು ಬಾಯಿಯ ನೊರೆ ಒರೆಸಿಕೊಳ್ಳುತ್ತ, ಅದನ್ನು ಪ್ಯಾಕ್ ಮಾಡಿಕೊಟ್ಟಿದ್ದ ಕೆಳಗಿನ ವಾಚ್ ರಿಪೇರಿ ಅಂಗಡಿಗೆ ಓಡಿದರು.

"ನಡೀತಿದ್ಯಾ?" ರಿಪೇರಿಯವನ ಮುಖ ಅರಳಿತು. "ನಡೀದೆ ಏನ್ ಸಾರ್! ಕೆಟ್ಟ ಗಡಿಯಾರ ನನ್ನ ಅಂಗಡಿಯಿಂದ ಪರದೇಶಕ್ಕೆ ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಕಾಸು ಕೇಳ್ದೆ ಸರಿಮಾಡ್ದೆ."

"ನಿನ್ನನ್ನ ಯಾರಯ್ಯಾ ಕೇಳಿದ್ರು!"

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ತರು ಕರೆಯದೆಯೇ ಬಂದರು. ವಿಷಯ ಕೇಳಿ ಕನ್ನಡಕ ಏರಿಸಿದರು. "ಇದಕ್ಕೆಲ್ಲ ಯಾಕಯ್ಯಾ ಗಾಬರಿ? ತನ್ನ ಕೈಗೆ ಬಂದಾಗ ಗಡಿಯಾರ ನಿಂತಿತ್ತು ಅಂತ ಇವನೇ ಬರ್ಕೊಡ್ಲಿ. ನಾನು ಇಂಗ್ಲಿಷಿಗೆ ಹಾಕ್ತೀನಿ."

"ನಿಂತಿತ್ತು ಅಂತಷ್ಟೇ ಬರೀರಿ ಸಾರ್. ಒಳಗೇನಾಗಿತ್ತು ಅನ್ನೋದೆಲ್ಲ ಬೇಡ," ಎಂದರು ಗುಮಾಸ್ತರು.

"ಸಾಕ್ಷಿ ಅಂದ್ಮೇಲೆ ಪೂರ್ತಿ ಇರ್ಬೇಕು. ನೀನು ಆಫೀಸಿಗೆ ಹೊರಡು. ನಿನ್ನ ಮನೆಯವಳ ಕೈಲಿ ಜಾಲತಾಣಕ್ಕೆ ಹಾಕಿಸ್ತೀನಿ."

"ಅವಳ ಕೈಲಾ? ಬೇಡ ಸಾರ್!" ಎಂಬ ಮಾತು ಯಾರ ಕಿವಿಗೂ ಬೀಳಲಿಲ್ಲ. ಹೆಡ್ಮಾಸ್ತರು ಆಗಲೇ ಕಾಗದ ಕೇಳುತ್ತಿದ್ದರು.

ಆಫೀಸಿನಲ್ಲಿ ಗುಮಾಸ್ತರಿಗೆ ಕುಂತಲ್ಲಿ ಕೂರಲಾಗಲಿಲ್ಲ. ಹೆಂಡತಿಗೆ ಆರು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಮೇಲಧಿಕಾರಿಯ ಸಹಿ ಬೀಳಬೇಕಾದಲ್ಲಿ ತಮ್ಮದನ್ನು ಹಾಕಿ ಬೈಸಿಕೊಂಡರು. ಸರಿಯಾಗಿ ಐದಕ್ಕೆ ತೀರ್ಪು ಬಂತು: "ನಿಮ್ಮದೇ ಸಾಕ್ಷಿಯ ಪ್ರಕಾರ ಗಡಿಯಾರ ಎಂದೂ ಕೆಟ್ಟಿರಲಿಲ್ಲ. ನೀವು ಬರೆದ ವಿವರ ಸುಳ್ಳು. ಹಣ ಕೊಂಡವರಿಗೆ, ಗಡಿಯಾರ ನಿಮಗೆ."

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದಿತಂತೆ. ಗುಮಾಸ್ತರು ಕಾಲೆಳೆಯುತ್ತ ಮನೆ ಸೇರಿದರು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ರಿಪೇರಿಯವನ ಕಾಗದ.

"ಬನ್ನಿ, ಓದ್ತೀನಿ ಕೇಳಿ. 'ಗಡಿಯಾರಕ್ಕೆ ಯಾವ ದೋಷವೂ ಇರಲಿಲ್ಲ. ಲೋಲಕದ ಹಿಂದೆ ಯಾರೋ ಕಾಲುಚೀಲ ತುರುಕಿದ್ದರು. ತೆಗೆದ ಕೂಡಲೇ ನಡೆಯಿತು. ಸದರಿ ಕಾಲುಚೀಲವನ್ನು ಇದರೊಂದಿಗೆ ಲಗತ್ತಿಸಿದೆ.'"

ಅವಳು ಇನ್ನೊಂದು ಕೈ ಮುಂದೆ ಚಾಚಿದಳು. ಹೆಬ್ಬೆರಳಿನ ಹತ್ತಿರ ತೂತಾಗಿದ್ದ ಕಂದು ಕಾಲುಚೀಲ.

"ಮೂರು ವರ್ಷದಿಂದ ಇದರ ಜೋಡಿ ಇಟ್ಕೊಂಡು ಮನೆಯೆಲ್ಲಾ ಹುಡುಕ್ತಿದ್ದೀನಿ. ನಮ್ಮಪ್ಪನ ಗಡಿಯಾರ ಸತ್ತೋಯ್ತು ಅಂತ ಅತ್ತಾಗ ನನ್ನ ಬೆನ್ನು ಸವರಿದ್ರಲ್ಲ, ರೀ!"

"ಅಲ್ಲ ಕಣೇ... ನಿದ್ದೆ..." ಎಂದು ತೊದಲಿದರು ಗುಮಾಸ್ತರು.

"ಬರ್ಲಿ ಗಡಿಯಾರ. ಈ ಸಲ ನಡುಮನೇಲಿ ತೂಗುಹಾಕಲ್ಲ," ಎಂದವಳೇ ಒಳಗೆ ಹೋದಳು.

ಗುಮಾಸ್ತರು ಮಲಗುವ ಕೋಣೆಗೆ ಇಣುಕಿ ನೋಡಿದರು. ಹೊಸ ಮೊಳೆ ಆಗಲೇ ಗೋಡೆಗಿಳಿದಿತ್ತು, ಸರಿಯಾಗಿ ಅವರ ದಿಂಬಿನ ಮೇಲೆ.