ಭಾರೀ ವಾಹನ ಪರವಾನಗಿಯ ಸಾಹೇಬರಿಗೆ ಕಾಂಕ್ರೀಟ್ ಲಾರಿಯ ದೊಡ್ಡಮ್ಮನ ಅಹವಾಲು

ನಿಯಮನಿಷ್ಠರೂ, ಮಿತಭಾಷಿಗಳೂ, ನಾಲ್ಕನೇ ಕಿಟಕಿಯ ಹಿಂದೆ ವಿರಾಜಮಾನರೂ ಆದ ಭಾರೀ ವಾಹನ ಪರವಾನಗಿ ನವೀಕರಣಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮ, ತಮ್ಮ ಕುರ್ಚಿ ಕ್ಷೇಮ, ಕುರ್ಚಿಯ ಬೆನ್ನಿಗೆ ಹೊದಿಸಿದ ಟವೆಲ್ಲೂ ಕ್ಷೇಮವೆಂದು ನಂಬಿದ್ದೇನೆ. ನನ್ನನ್ನು ತಾವು ಮರೆತಿರಲಾರಿರಿ. ಬೆನ್ನ ಮೇಲೆ ದೊಡ್ಡ ಡ್ರಮ್ಮನ್ನು ಗಿರಗಿರ ತಿರುಗಿಸಿಕೊಂಡು ಹೋಗುವ ಕಾಂಕ್ರೀಟ್ ಲಾರಿಯನ್ನು ಓಡಿಸುವವಳು ನಾನು; ಕಾಂಕ್ರೀಟ್ ಕಲಸುವ ಪ್ಲಾಂಟಿನಲ್ಲಿ ಮೇಸ್ತ್ರಿಯಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ನನ್ನನ್ನು ದೊಡ್ಡಮ್ಮ ಎನ್ನುತ್ತಾರೆ. ನನಗೆ ಎಪ್ಪತ್ತೊಂದು ವರ್ಷ. ಈ ಒಂದು ಸಂಗತಿಯ ಬಗ್ಗೆ ತಮಗೂ ನನಗೂ ಸ್ವಲ್ಪ ಭಿನ್ನಾಭಿಪ್ರಾಯ ಬಂದಿರುವುದರಿಂದಲೇ ಈ ಪತ್ರ.

‘ತಮಗೆ ನೀಡಲಾದ ಪರವಾನಗಿಯಲ್ಲಿ ದೋಷ ಕಂಡುಬಂದಿದ್ದು, ಕಾರ್ಡನ್ನು ಕೂಡಲೇ ಹಿಂತಿರುಗಿಸಿ ಹೊಸದಾಗಿ ಪರೀಕ್ಷೆಗೆ ಹಾಜರಾಗತಕ್ಕದ್ದು’ ಎಂಬ ತಮ್ಮ ಅಪ್ಪಣೆ ಕೈಸೇರಿತು. ಉತ್ತರವನ್ನು ತಮ್ಮ ಕಚೇರಿಯ ಅಹವಾಲು ಪೆಟ್ಟಿಗೆಯಲ್ಲೇ ಹಾಕಬೇಕೆಂದು ಹೋಗಿದ್ದೆ. ಆದರೆ ಅದರೊಳಗೆ ಗುಬ್ಬಚ್ಚಿಗಳು ಸಂಸಾರ ಹೂಡಿವೆ. ತಾಯಿ ಗುಬ್ಬಚ್ಚಿ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಇಷ್ಟು ವರ್ಷದಲ್ಲಿ ಆ ಪೆಟ್ಟಿಗೆಗೆ ಕಾಗದ ಹಾಕಲು ಬಂದವಳು ನಾನೇ ಮೊದಲಿರಬೇಕು. ಆದ್ದರಿಂದ ಊರೆಲ್ಲ ಓದುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಮನ್ನಿಸಬೇಕು.

ನಡೆದದ್ದನ್ನು ಮೊದಲಿನಿಂದ ಹೇಳಿಬಿಡುತ್ತೇನೆ. ನನ್ನ ವಯಸ್ಸಿನವರು ಭಾರೀ ವಾಹನದ ಪರವಾನಗಿಯನ್ನು ವರ್ಷವರ್ಷವೂ ನವೀಕರಿಸಿಕೊಳ್ಳಬೇಕೆಂಬ ನಿಯಮ ತಮಗೆ ಗೊತ್ತೇ ಇದೆ. ಈ ಸಲ ಅವಧಿ ಮುಗಿಯುತ್ತ ಬಂದಾಗ ನಮ್ಮ ಯಜಮಾನರು ಅಡ್ಡಗಾಲು ಹಾಕಿದರು. ಅವರು ದರ್ಜಿ, ಅಂಗಡಿ ಮುಚ್ಚಿ ಮನೆಯಲ್ಲಿ ಕೂತು ಕೆಲವು ವರ್ಷಗಳಾದವು. “ಸಾಕು ಬಿಡೇ,” ಎಂದರು, “ಎಷ್ಟು ದಿನ ಅಂತ ಆ ಭೂತದ ಜೊತೆ ಸಂಸಾರ ಮಾಡ್ತೀಯ? ನನ್ನ ಜೊತೆನೂ ಒಂದಿಷ್ಟು ದಿನ ಇರು. ಬೆಳಗಿಂದ ಸಾಯಂಕಾಲದ ತನಕ ಗೋಡೆ ಜೊತೆ ಮಾತಾಡಿ ಮಾತಾಡಿ, ಈಗ ಅದೂ ತಿರುಗಿ ಉತ್ತರ ಕೊಡೋಕೆ ಶುರು ಮಾಡಿದೆ.” ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಅದು ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಆದರೂ ಮಾನ್ಯರೇ, ಲಾರಿಯ ಮೆಟ್ಟಿಲು ಹತ್ತಿ ಸ್ಟಿಯರಿಂಗ್ ಹಿಡಿದಾಗ ಮಾತ್ರ ನನಗೆ ನಾನು ಯಾರೆಂದು ನೆನಪಾಗುತ್ತದೆ. ಕೆಳಗಿಳಿದರೆ ಬರೀ ಮಂಡಿನೋವಿನ ಮುದುಕಿ. ಹೀಗಾಗಿ ಗಂಡನ ಮಾತು ಮೀರಿ ತಮ್ಮ ಕಿಟಕಿಯ ಮುಂದೆ ಬಂದು ನಿಂತೆ.

ತಾವು ಮೊದಲು ನನ್ನನ್ನು ವೈದ್ಯರ ಬಳಿಗೆ ಅಟ್ಟಿದಿರಿ. ಕಣ್ಣು, ಕಿವಿ, ನಾಡಿ ಎಲ್ಲ ನೋಡಿದ ಮೇಲೆ ಅವರು ನನ್ನನ್ನು ಒಂಟಿ ಕಾಲಿನ ಮೇಲೆ ನಿಲ್ಲಿಸಿದರು. ಲಾರಿಯನ್ನು ಕೂತು ಓಡಿಸುತ್ತಾರೆಂಬ ಸುದ್ದಿ ವೈದ್ಯಲೋಕಕ್ಕೆ ಇನ್ನೂ ತಲುಪಿಲ್ಲವೆಂದು ಕಾಣುತ್ತದೆ. ಆಮೇಲೆ ಜ್ಞಾಪಕಶಕ್ತಿಯ ಪರೀಕ್ಷೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಿದ್ದದ್ದು ಇದೊಂದಕ್ಕೇ. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ, ನನ್ನದು ಅದನ್ನೂ ದಾಟಿ ಹನ್ನೊಂದು ವರ್ಷವಾಯಿತಲ್ಲ! ಬೇಡವೆಂದ ಯಜಮಾನರೇ ಮನೆಯಲ್ಲಿ ನನಗೆ ತಾಲೀಮು ಮಾಡಿಸಿದ್ದರು: ಒಗೆದ ಬಟ್ಟೆ ಹರವುತ್ತ “ಕತ್ತರಿ, ಗುಂಡಿ, ಕಾಲರ್” ಎನ್ನುವುದು, ಒಣಗಿದ ಬಟ್ಟೆ ತೆಗೆಯುವಾಗ “ಏನಂದಿದ್ದೆ ಹೇಳು” ಎನ್ನುವುದು. ವೈದ್ಯರು ‘ಚಮಚ, ಗುಡ್ಡ, ಕೊಡೆ’ ಎಂದರು. ಸ್ವಲ್ಪ ಹೊತ್ತಾದ ಮೇಲೆ ನಾನು ಮೂರನ್ನೂ ಒಪ್ಪಿಸಿದೆ. ಆದರೆ ಅವರ ಕಾಗದದಲ್ಲಿ ಗುಡ್ಡದ ಬದಲು ಬೆಟ್ಟ ಎಂದಿತ್ತಾಗಿ ಒಂದು ಅಂಕ ಕಳೆದರು. ನಾನು ವಾದಿಸಲಿಲ್ಲ. ಗುಡ್ಡ ಬೆಟ್ಟವಾಗಿ ಬೆಳೆಯುವಷ್ಟು ಹೊತ್ತು ನನ್ನನ್ನು ಅಲ್ಲಿ ಕೂರಿಸಿದ್ದರೂ ಇರಬಹುದು.

ವೈದ್ಯರ ಚೀಟಿ ತಂದು ಒಪ್ಪಿಸಿದಾಗ ತಾವು ತಲೆಯೆತ್ತದೆ, “ಖಾಲಿ ಲಾರಿ ಓಡಿಸೋದು ಯಾರಿಗೆ ಬರಲ್ಲ? ಪರೀಕ್ಷೆಗೆ ಲೋಡ್ ಹಾಕ್ಕೊಂಡು ಬನ್ನಿ” ಎಂದಿರಿ. ನಮ್ಮ ಪ್ಲಾಂಟಿನಲ್ಲಿ ಕಾಂಕ್ರೀಟ್ ಬಿಟ್ಟರೆ ಬೇರೆ ಲೋಡ್ ಸಿಗುವುದಿಲ್ಲ. ಹೇಳಿದ ದಿನ ಹೇಳಿದ ಹೊತ್ತಿಗೆ ಡ್ರಮ್ಮಿನ ತುಂಬ ಹಸಿ ಕಾಂಕ್ರೀಟ್ ಹೊತ್ತು ತಮ್ಮ ಅಂಗಳಕ್ಕೆ ಬಂದೆ. ತಾವು ಸಭೆಯಲ್ಲಿದ್ದಿರಿ. ಸಭೆ ಮುಗಿದ ಮೇಲೆ ಫೋನಿನಲ್ಲಿದ್ದಿರಿ. ಫೋನು ಮುಗಿದ ಮೇಲೆ ಊಟಕ್ಕೆ ಕೂತಿರಿ. ಅಷ್ಟು ಹೊತ್ತೂ ನಾನು ಇಂಜಿನ್ ಚಾಲೂ ಇಟ್ಟು ಡ್ರಮ್ಮು ತಿರುಗಿಸುತ್ತಲೇ ಇದ್ದೆ. ಏಕೆಂದರೆ ಮಾನ್ಯರೇ, ಕಾಂಕ್ರೀಟಿಗೆ ತಮ್ಮ ಹಾಗೆ ತಾಳ್ಮೆಯಿಲ್ಲ. ತಿರುಗುವುದು ನಿಂತರೆ ಒಳಗೇ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಆಳುಗಳು ಡ್ರಮ್ಮಿನೊಳಗೆ ಇಳಿದು ಉಳಿ ಸುತ್ತಿಗೆಯಿಂದ ಒಡೆಯಬೇಕು.

ಅಷ್ಟರಲ್ಲಿ ತಮ್ಮ ಜವಾನರು ಓಡಿ ಬಂದರು. “ಅಮ್ಮಾ, ಆ ಗಡಗಡ ನಿಲ್ಲಿಸ್ಬೇಕಂತೆ. ಪರೀಕ್ಷೆಗೆ ಮುಂಚೆ ಇಂಜಿನ್ ಆಫ್ ಇರ್ಬೇಕು ಅನ್ನೋ ನಿಯಮ ಇದೆಯಂತೆ.”

“ನಿಲ್ಲಿಸಿದ್ರೆ ಹೆಪ್ಪುಗಟ್ಟತ್ತಪ್ಪಾ. ಬೇಕಾದ್ರೆ ಸುರಿದುಬಿಡ್ತೀನಿ. ಎಲ್ಲಿ ಸುರೀಲಿ, ಕೇಳ್ಕೊಂಡು ಬಾ.”

ಅವರು ಕೇಳುವ ಮೊದಲೇ ತಾವು ಕಿಟಕಿಯಿಂದ ಮುಖ ಹೊರಹಾಕಿ, ತುತ್ತು ಹಿಡಿದ ಕೈಯನ್ನು ಬೀಸಿ, “ಎಲ್ಲಾದ್ರೂ ಸುರಿಯಮ್ಮಾ! ಅದನ್ನೂ ನಾನೇ ಹೇಳ್ಬೇಕಾ?” ಎಂದು ಅಭಯವಿತ್ತಿರಿ. ಅಧಿಕಾರಿಯ ಬಾಯಿಂದ ಇಷ್ಟು ಸ್ಪಷ್ಟವಾದ ಲಿಖಿತರಹಿತ ಆದೇಶವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ತಮ್ಮ ಪರೀಕ್ಷಾ ಮೈದಾನದ ನಡುವೆ ಒಂದು ಗುಂಡಿಯಿತ್ತು. ಎಂಥ ಗುಂಡಿ! ಪರೀಕ್ಷೆಗೆ ಬಂದ ವಾಹನಗಳಲ್ಲಿ ಅರ್ಧಕ್ಕರ್ಧ ಅದರಲ್ಲಿ ಬಿದ್ದೇ ನಪಾಸಾಗುತ್ತಿದ್ದವಂತೆ. ಲೋಕೋಪಕಾರವೂ ಆಯಿತೆಂದು ಲಾರಿಯನ್ನು ಹಿಂದಕ್ಕೆ ಒಯ್ದು ಅದರೊಳಗೆ ಸುರಿದೆ. ಗುಂಡಿ ತುಂಬಿತು, ಕಾಂಕ್ರೀಟ್ ಮುಗಿಯಲಿಲ್ಲ. ಮೈದಾನ ಯಾವ ಕಡೆಗೆ ಇಳಿಜಾರಾಗಿದೆ ಎಂದು ನಾನು ನೋಡಿರಲಿಲ್ಲ, ಅದು ನನ್ನದೇ ತಪ್ಪು, ಒಪ್ಪುತ್ತೇನೆ. ಉಳಿದ ಕಾಂಕ್ರೀಟ್ ಅವಸರವಿಲ್ಲದೆ, ಗಂಭೀರವಾಗಿ, ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸರಿಯುವ ಗತಿಯಲ್ಲಿ ಸರಿಯುತ್ತ ಹೋಗಿ ‘ಅಧಿಕಾರಿಗಳಿಗೆ ಮಾತ್ರ’ ಎಂಬ ಫಲಕದ ಕೆಳಗೆ ನಿಂತಿದ್ದ ತಮ್ಮ ಸ್ಕೂಟರನ್ನು ತಲುಪಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅಂದು ತಮ್ಮ ಬಾಯಿ ಮೊಸರಾಗಿರುವಾಗ ಸ್ಕೂಟರು ಕೆಸರಾಯಿತು. ಜವಾನರೂ ನಾನೂ ಹಿಡಿದು ಎಳೆದೆವು, ನೂಕಿದೆವು, ನೀರು ಹೊಯ್ದೆವು. ತಾವು ಕೈ ತೊಳೆದು, ಹಲ್ಲುಕಡ್ಡಿ ಮುಗಿಸಿ, ಒಂದು ಸಣ್ಣ ನಿದ್ದೆ ತೆಗೆದು ಬರುವ ಹೊತ್ತಿಗೆ ಎರಡೂ ಚಕ್ರ ಅರ್ಧದವರೆಗೆ ಭದ್ರವಾಗಿ ನಾಟಿಕೊಂಡಿದ್ದವು. ಇಂದಿಗೂ ಅಲ್ಲೇ ಇದೆಯೆಂದು ಕೇಳಿದೆ. ಕಳ್ಳರ ಭಯ ಶಾಶ್ವತವಾಗಿ ನಿವಾರಣೆಯಾದದ್ದಕ್ಕೆ ತಾವು ಇನ್ನೂ ಧನ್ಯವಾದ ಹೇಳಿಲ್ಲ, ಅವಸರವಿಲ್ಲ.

ಆಮೇಲೆ ಖಾಲಿ ಲಾರಿಯಲ್ಲೇ ನಡೆದ ಪರೀಕ್ಷೆಯಲ್ಲಿ ತಾವು ನನ್ನ ಪಕ್ಕದಲ್ಲೇ ಕೂತಿರಿ, ಆದರೆ ಕಣ್ಣೆಲ್ಲ ಕನ್ನಡಿಯಲ್ಲಿ ಕಾಣುವ ಸ್ಕೂಟರಿನ ಮೇಲೆ. ಹಿಂದಕ್ಕೆ ತಿರುಗಿಸುವಾಗ ಒಂದು ಕಂಬಕ್ಕೆ ತಾಗಿಸಿದೆ, ಅದು ಬಿತ್ತು. ಆಯಿತು, ಇನ್ನು ಗೋಡೆಯ ಜೊತೆ ಮಾತಾಡಲು ಇಬ್ಬರಾದೆವು ಎಂದುಕೊಂಡೆ. ಲಾರಿ ನಿಲ್ಲಿಸಿ ತಮ್ಮ ಮುಖ ನೋಡಿದರೆ ತಾವು ಕೈಮುಗಿಯುತ್ತಿದ್ದಿರಿ. “ಪಾಸು ಕಣಮ್ಮಾ, ಪಾಸು! ದಮ್ಮಯ್ಯ, ಮತ್ತೆ ಈ ಕಡೆ ತಲೆ ಹಾಕ್ಬೇಡಿ!” ಎಂದು ಅಲ್ಲಿಯೇ ಸಹಿ ಹಾಕಿದಿರಿ.

ಕಾರ್ಡು ಮನೆಗೆ ಬಂತು. ಫೋಟೋ ನನ್ನದೇ, ವಿಳಾಸ ನನ್ನದೇ; ವಯಸ್ಸು ಮಾತ್ರ ಹದಿನೇಳು. ಹದಿನೇಳರವಳಾದ್ದರಿಂದ ಒಂದು ವರ್ಷಕ್ಕಲ್ಲ, ಇಪ್ಪತ್ತು ವರ್ಷಕ್ಕೆ ಪರವಾನಗಿ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಷರತ್ತು: ‘ಚಾಲಕರು ಅಪ್ರಾಪ್ತ ವಯಸ್ಕರಾದ್ದರಿಂದ ಮನೆಯ ಹಿರಿಯರೊಬ್ಬರು ಪಕ್ಕದ ಆಸನದಲ್ಲಿ ಕಡ್ಡಾಯವಾಗಿ ಕೂತಿರತಕ್ಕದ್ದು.’ ಆ ವಯಸ್ಸಿನವರಿಗೆ ಭಾರೀ ವಾಹನವನ್ನು ಮುಟ್ಟಲೂ ಬಿಡುವುದಿಲ್ಲವೆಂಬುದು ನನಗೂ ಗೊತ್ತು. ಆದರೆ ತಾವು ‘ಪಾಸು’ ಎಂದಮೇಲೆ ಗಣಕಯಂತ್ರ ತಾನೇ ಏನು ಮಾಡೀತು? ನಾನು ಪ್ರಾಮಾಣಿಕಳು; ಮರುದಿನವೇ ತಮ್ಮ ಕಚೇರಿಗೆ ಫೋನು ಮಾಡಿದೆ. ಗಣಕಯಂತ್ರದ ಗುಮಾಸ್ತರು, “ಏಳು ಒಂದು, ಒಂದು ಏಳು... ಅಂಕಿ ಎರಡೂ ಇದಾವಲ್ಲಮ್ಮಾ, ಇನ್ನೇನು ಬೇಕು ನಿಮಗೆ?” ಎಂದು ಇಟ್ಟುಬಿಟ್ಟರು. ನನಗೂ ಇನ್ನೇನು ಬೇಕೆಂದು ಹೊಳೆಯಲಿಲ್ಲ.

ಈ ಹೊಸ ಹರೆಯದಿಂದ ಕೆಲವು ತೊಡಕುಗಳಾದದ್ದು ನಿಜ. ನನ್ನ ಮಗಳು ನನಗಿಂತ ಬಹಳ ದೊಡ್ಡವಳಾಗಿಬಿಟ್ಟಳು. ಫೋನು ಮಾಡಿದಾಗಲೆಲ್ಲ “ಹೇಳಿದ ಮಾತು ಕೇಳು, ಹೊರಗಡೆ ಜಾಸ್ತಿ ಅಲೀಬೇಡ” ಎಂದು ಬುದ್ಧಿ ಹೇಳುತ್ತಾಳೆ. ತಾವು ದಯಪಾಲಿಸಿದ ಪ್ರಾಯವನ್ನು ನನ್ನ ಮಂಡಿಗಳು ಇನ್ನೂ ಮಾನ್ಯ ಮಾಡಿಲ್ಲ. ಆದೇಶದ ಒಂದೊಂದು ಪ್ರತಿಯನ್ನು ಎಡಮಂಡಿಗೂ ಬಲಮಂಡಿಗೂ ಪ್ರತ್ಯೇಕವಾಗಿ, ಮೊಹರು ಸಮೇತ ಕಳಿಸಿಕೊಡಬೇಕಾಗಿ ವಿನಂತಿ. ಬಲಮಂಡಿ ಸ್ವಲ್ಪ ಹಟಮಾರಿ. ಅದಕ್ಕೆ ನೆನಪೋಲೆಯೂ ಬೇಕಾದೀತು.

ಆದರೆ ಷರತ್ತು ಷರತ್ತೇ. ಮನೆಯ ಹಿರಿಯರೆಂದು ನನಗೆ ಉಳಿದಿರುವವರು ಯಜಮಾನರೊಬ್ಬರೇ. “ಕಾನೂನು ಅಂದ್ಮೇಲೆ ಏನ್ಮಾಡೋಕಾಗತ್ತೆ,” ಎಂದು ಗೊಣಗುತ್ತಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದಿಂಬೊಂದನ್ನು ಕಂಕುಳಲ್ಲಿಟ್ಟುಕೊಂಡು ಲಾರಿ ಹತ್ತಿದರು. ಮೊದಲ ದಿನ ಪ್ರತಿ ತಿರುವಿನಲ್ಲೂ “ನಿಧಾನ ಕಣೇ” ಎಂದರು. ಎರಡನೇ ದಿನ ಡ್ರಮ್ಮಿನ ಸದ್ದಿಗೆ ಹೊಲಿಗೆಯಂತ್ರದ ತಾಳ ಸಿಕ್ಕಿತೆಂದು ಕಾಲು ಕುಣಿಸಿದರು. ಆಮೇಲೆ ಬೀದಿ ನೋಡತೊಡಗಿದರು. ಒಂದು ಸೇತುವೆ ದಾಟುವಾಗ ನಾನು ಅಭ್ಯಾಸಬಲದಿಂದ “ಇದು ನಂದು” ಎಂದೆ. “ನಿಂದು ಅಂದ್ರೆ?” ಎಂದರು. “ಇದಕ್ಕೆ ಕಾಂಕ್ರೀಟ್ ಸುರಿದವಳು ನಾನೇ.” ಅಂದಿನಿಂದ ದಾರಿಯಲ್ಲಿ ಕಂಡ ಪ್ರತಿ ಕಟ್ಟಡಕ್ಕೂ “ಇದೂ ನಿಂದಾ? ಅದೂ ನಿಂದಾ?” ಎಂದು ಕೇಳತೊಡಗಿದರು. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನ ಮುಂದೆ ಹೋಗುವಾಗ ನಾನು ಹೂಂ ಎಂದೆ. ಅವರು ಕತ್ತು ತಿರುಗಿಸಿ ಅದನ್ನೇ ನೋಡಿದರು. ಆಮೇಲೆ, “ಮೊಮ್ಮಗಳು ಹುಟ್ಟಿದಾಗ ಇಡೀ ದಿನ ನಾನು ಆ ಮೆಟ್ಟಿಲ ಮೇಲೆ ಕೂತಿದ್ದೆ ಕಣೇ. ತಣ್ಣಗಿತ್ತು. ಒಂದು ಮಾತು ಹೇಳಬಾರದಿತ್ತಾ?” ಎಂದರು. ನೀವು ಕೇಳಲಿಲ್ಲ ಎನ್ನಬೇಕೆಂದುಕೊಂಡೆ, ನಾನೂ ಹೇಳಿರಲಿಲ್ಲವಲ್ಲ. ಗೇರು ಬದಲಿಸಿದೆ.

ಈಗ ಬೆಳಗಾದರೆ ನನಗಿಂತ ಮೊದಲು ಅವರೇ ತಯಾರು. ಗೋಡೆಯ ಜೊತೆ ಮಾತು ಬಿಟ್ಟಿದ್ದಾರೆ. ಪ್ಲಾಂಟಿನವರು ಅವರಿಗೆ ಒಂದು ಹಳದಿ ಟೋಪಿಯನ್ನೂ ಕೊಟ್ಟಿದ್ದಾರೆ. ಊಟ ಮಾಡುವಾಗಲೂ ತೆಗೆಯುವುದಿಲ್ಲ.

ಇಂಥ ಹೊತ್ತಿನಲ್ಲಿ ತಮ್ಮ ಅಪ್ಪಣೆ ಬಂದಿದೆ. ಕಾರ್ಡು ಹಿಂತಿರುಗಿಸಿದರೆ ನಾನು ಮತ್ತೆ ಎಪ್ಪತ್ತೊಂದಾಗುತ್ತೇನೆ, ಷರತ್ತು ಹೋಗುತ್ತದೆ, ಯಜಮಾನರು ಲಾರಿಯಿಂದ ಇಳಿಯಬೇಕಾಗುತ್ತದೆ; ಸಂಬಳವಿಲ್ಲದವರನ್ನು ಸುಮ್ಮನೆ ಕೂರಿಸಿಕೊಂಡು ತಿರುಗುವುದಕ್ಕೆ ಪ್ಲಾಂಟಿನ ನಿಯಮ ಒಪ್ಪುವುದಿಲ್ಲ. ಆದ್ದರಿಂದ ನನ್ನ ದೂರು ಇಷ್ಟೇ: ತಾವು ಮಾಡಿದ ತಪ್ಪನ್ನು ತಾವೇ ತಿದ್ದಲು ಹೊರಟಿರುವುದು ತಮ್ಮ ಕಚೇರಿಯ ಪರಂಪರೆಗೆ ಶೋಭೆಯಲ್ಲ. ದಯವಿಟ್ಟು ಬಿಟ್ಟುಬಿಡಿ. ಬರುವ ವರ್ಷ ನನಗೆ ಎಪ್ಪತ್ತೆರಡು, ತಮ್ಮ ಲೆಕ್ಕದಲ್ಲಿ ಇಪ್ಪತ್ತೇಳು. ಅಪ್ರಾಪ್ತಳಲ್ಲದಿದ್ದರೂ ದುಡುಕಿನ ವಯಸ್ಸು, ಹಿರಿಯರು ಪಕ್ಕದಲ್ಲಿರಲಿ ಎಂದು ಷರತ್ತನ್ನು ಮುಂದುವರಿಸಬೇಕು. ಹೀಗೇ ವರ್ಷಕ್ಕೆ ಹತ್ತು ಹತ್ತರಂತೆ ದೊಡ್ಡವಳಾಗುತ್ತ ಬಂದು, ಎಪ್ಪತ್ತೇಳಾದ ದಿನ ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ನನ್ನ ವಯಸ್ಸು ಒಂದೇ ಆಗುತ್ತದೆ. ಅಂದು ತಮಗೂ ನನಗೂ ಭಿನ್ನಾಭಿಪ್ರಾಯ ಉಳಿಯುವುದಿಲ್ಲ. ನಾನೇ ಲಾರಿಯಿಂದ ಇಳಿದು, ಯಜಮಾನರನ್ನೂ ಕೈಹಿಡಿದು ಇಳಿಸಿ, ಕಾರ್ಡನ್ನು ಅಂಚೆಯಲ್ಲಿ ಕಳಿಸಿಕೊಡುತ್ತೇನೆ. ಅಲ್ಲಿಯವರೆಗೆ ನಮ್ಮಿಬ್ಬರನ್ನೂ ಹೀಗೇ ತಿರುಗಲು ಬಿಡಬೇಕಾಗಿ ಬೇಡುವ,

ಹಿರಿಯರ ಉಸ್ತುವಾರಿಯಲ್ಲಿರುವ ತಮ್ಮ ವಿಶ್ವಾಸಿ,
ದೊಡ್ಡಮ್ಮ (ಅಪ್ರಾಪ್ತ ವಯಸ್ಕಳು)

ತಾ.ಕ.: ತಮಗೆ ಐವತ್ತೊಂಬತ್ತು ತುಂಬಿತೆಂದೂ, ನಿವೃತ್ತಿಯ ಕಾಗದಗಳನ್ನು ಅದೇ ಗುಮಾಸ್ತರ ಕೈಗೆ ಕೊಟ್ಟಿದ್ದೀರೆಂದೂ ಜವಾನರಿಂದ ತಿಳಿಯಿತು. ಸಂತೋಷ. ಆದರೆ ಆ ಮಹಾನುಭಾವರು ಐದು ಒಂಬತ್ತನ್ನು ಒಂಬತ್ತು ಐದು ಮಾಡಿ, ತೊಂಬತ್ತೈದು ದಾಟಿದವರು ಇನ್ನೂ ಬದುಕಿದ್ದಾರೆಂಬುದಕ್ಕೆ ಪುರಾವೆ ಕೇಳಿದರೆ ತಾವು ಗಾಬರಿಯಾಗಬಾರದು. ಒಂಟಿ ಕಾಲಿನ ಮೇಲೆ ನಿಂತು ತೋರಿಸಿ, ವೈದ್ಯರು ಒಪ್ಪಿಯಾರು.