ಅತ್ತೆಯ ಹೊಟ್ಟೆ, ನನ್ನ ಗಂಟಲು

ನಮ್ಮ ಅತ್ತೆಯ ಹೊಟ್ಟೆಯ ಸುದ್ದಿ ಗೊತ್ತಿಲ್ಲದವರು ಹೊನವಾಡದಲ್ಲಿ ಯಾರಾದರೂ ಇದ್ದರೆ, ಅವರು ನಿನ್ನೆ ಹುಟ್ಟಿದ ಕೂಸುಗಳೇ ಇರಬೇಕು! ಅತ್ತೆ ಎಂದರೆ ಅಪ್ಪನ ಅಕ್ಕ. ಅವಳಿಗೆ ಥೈರಾಯ್ಡ್ ಬಹಳ ಹಳೆಯದು. ಜೊತೆಗೆ ಯಾವಾಗ ಮುನಿಯುತ್ತದೋ ಹೇಳಲಾಗದ ಕರುಳು. ಬೇರೆಯವರು ಇಂಥದ್ದನ್ನು ಮುಚ್ಚಿಟ್ಟುಕೊಂಡರೆ ಇವಳು ಡಂಗುರ ಸಾರುತ್ತಾಳೆ.

ವಿಜಯಪುರದ ಬಸ್ಸು ಹತ್ತಿದ ಕೂಡಲೇ ಅವತ್ತಿನ ಹೊಟ್ಟೆಯ ವರ್ತಮಾನವನ್ನು ಕಂಡಕ್ಟರನಿಗೆ ಒಪ್ಪಿಸಿದ ಮೇಲೆಯೇ ಅವಳು ಕೂರುವುದು. ಡ್ರೈವರುಗಳಿಗೂ ಅದು ರೂಢಿಯಾಗಿದೆ. ಒಮ್ಮೆ ಟಿಕೋಟಾ ದಾಟಿದ ಮೇಲೆ ಒಬ್ಬ ಪುಣ್ಯಾತ್ಮ ತಾನಾಗಿಯೇ ಗಾಡಿ ನಿಲ್ಲಿಸಿ ಅವಳತ್ತ ತಿರುಗಿ ನೋಡಿದ. ಅವತ್ತು ಹೊಟ್ಟೆ ತಣ್ಣಗಿತ್ತು. ಆದರೂ ಪಾಪ, ಅಷ್ಟು ಕಾಳಜಿಯಿಂದ ನಿಲ್ಲಿಸಿದವನಿಗೆ ಬೇಡ ಎನ್ನುವುದು ಹೇಗೆ? ಇಳಿದು, ದ್ರಾಕ್ಷಿ ತೋಟದ ಬದಿಗೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಮತ್ತೆ ಹತ್ತಿ ಕೂತಳು.

ಊರಿನ ಡಾಕ್ಟರೊಬ್ಬರು ಒಮ್ಮೆ ಅವಳಿಗೆ, ಈ ಎರಡೂ ಕಾಯಿಲೆ ಕೆಲವು ಮನೆತನಗಳಲ್ಲಿ ಒಟ್ಟಿಗೆ ಕಾಣುತ್ತವೆ, ರಕ್ತದಲ್ಲೇ ಎರಡಕ್ಕೂ ನಂಟಿರಬಹುದು, ಆದರೆ ಒಂದಿದ್ದವರಿಗೆ ಇನ್ನೊಂದು ಬಂದೇ ಬರುತ್ತದೆ ಅಂತೇನಿಲ್ಲ ಎಂದು ತಿಳಿಸಿ ಹೇಳಿದ್ದರು. ಅತ್ತೆ ಮೊದಲರ್ಧ ಹಿಡಿದುಕೊಂಡು ಉಳಿದರ್ಧವನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದಳು. ಅಂದಿನಿಂದ ವಂಶಾವಳಿಯ ಸಂಶೋಧನೆ ಶುರು. ಅಥಣಿ ರಸ್ತೆಯ ನಮ್ಮ ಮನೆಗೆ ಬಂದವಳು ಗೋಡೆಯ ಮೇಲಿನ ಮುತ್ತಜ್ಜನ ಫೋಟೋವನ್ನು ಕನ್ನಡಕ ಏರಿಸಿ ನೋಡಿ, ಗಂಟಲು ಉಬ್ಬಿದೆ ಎಂದು ತೀರ್ಪು ಕೊಟ್ಟಳು.

"ಅದು ಮಫ್ಲರ್, ಅತ್ತಿ."

"ಹೌದಲ್ಲಾ, ಉಬ್ಬಿದ್ದು ಕಾಣಬಾರದಂತ ಸುತ್ಯಾನ."

ಹೀಗಿರುವಾಗ ನನಗೆ ಸುಸ್ತು, ಕೂದಲು ಉದುರುವುದು, ಹೊಟ್ಟೆಯದೂ ಆಗಾಗ ತಕರಾರು. ಅತ್ತೆಯ ಕಾಟಕ್ಕೆ ರಕ್ತ ಪರೀಕ್ಷೆ ಮಾಡಿಸಿದೆವು. ಥೈರಾಯ್ಡ್! ಮನೆತನದ ಮರ್ಯಾದೆ ಉಳಿಯಿತು ಎನ್ನುವಂತೆ ಅವಳ ಮುಖ ಅರಳಿತು. ಪೇಡೆ ಹಂಚಲಿಲ್ಲ, ಅಷ್ಟೇ.

ಆಗಲೇ ನನಗೆ ಸಾರವಾಡದ ಹುಡುಗನ ಜೊತೆ ಮಾತುಕತೆ ನಡೆದಿತ್ತು. ಬಬಲೇಶ್ವರದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟವನು. ಫೋನಿನಲ್ಲಿ ಮಾತಾಡುತ್ತಾ ಮಾತಾಡುತ್ತಾ ನನ್ನ ಮನಸ್ಸಿಗೆ ಬಂದುಬಿಟ್ಟಿದ್ದ. ಮದುವೆ ಗೊತ್ತಾಗುವವರೆಗೆ ಗುಳಿಗೆಯ ಸುದ್ದಿ ಯಾರೂ ಎತ್ತಬಾರದೆಂದು ಅವ್ವ ಎಲ್ಲರಿಗೂ ತಾಕೀತು ಮಾಡಿದಳು. ಅತ್ತೆಗಂತೂ ಕೈ ಮುಗಿದೇ ಹೇಳಿದಳು.

ಕನ್ಯೆ ನೋಡಲು ಬಂದವರು ಅವಲಕ್ಕಿ ತಟ್ಟೆ ಖಾಲಿ ಮಾಡಿದರೆ ಮನಸ್ಸಿಗೆ ಬಂತೆಂದು ನಮ್ಮ ಕಡೆ ತಿಳಿಯುವುದು. ಹುಡುಗನ ತಾಯಿ ಅರ್ಧ ತಿಂದಿದ್ದರು. ಹುಡುಗಿಗೆ ಏನು ಸೇರುತ್ತದೆ ಎಂದು ಅವರು ಪ್ರೀತಿಯಿಂದಲೇ ಕೇಳಿದ್ದು. ಅವ್ವ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಶುರು ಮಾಡಿಬಿಟ್ಟಳು.

"ಕೂಸಿಗೆ ಥೈರಾಯ್ಡ್ ಐತ್ರಿ. ದಿನಾ ಮುಂಜಾನೆ ಖಾಲಿ ಹೊಟ್ಟೀಲೆ ಗುಳಿಗಿ ತೊಗೋತಾಳ. ಹೊಟ್ಟಿನೂ ಒಮ್ಮೊಮ್ಮೆ ನನ್ನಂಗ ಕಾಡತೈತಿ. ನೋಡಿ ತೊಗೊಂಡ ಹೋಗ್ರಿ."

ತಟ್ಟೆಗಳು ಅರ್ಧಕ್ಕೇ ಕೆಳಗಿಳಿದವು. ಹೇಳಿ ಕಳಿಸುತ್ತೇವೆ ಎಂದು ಅವರು ಎದ್ದು ಹೋದರು. ಅವ್ವ ಅಡುಗೆಮನೆ ಸೇರಿ ಅಳತೊಡಗಿದಳು. ನನಗೂ ಎದೆ ಒಡೆದಂತಾಗಿತ್ತು. ಹಿತ್ತಲಲ್ಲಿ ಕೂತಿದ್ದ ಅತ್ತೆಯ ಎದುರು ನಿಂತು, ನನ್ನ ಬಾಳು ಯಾಕೆ ಕೆಡಿಸಿದೆ ಎಂದು ಕೇಳಿಯೇಬಿಟ್ಟೆ.

ಅವಳು ನನ್ನ ಮುಖ ನೋಡದೆ ಹೇಳಿದಳು:

"ರೋಗ ಮುಚ್ಚಿಟ್ಟ ನನ್ನ ಲಗ್ನಾ ಮಾಡಿ ಕೊಟ್ಟಿದ್ರವ್ವಾ. ದನದ ಕೊಟ್ಟಿಗ್ಯಾಗ ಕುಂತು ಗುಳಿಗಿ ನುಂಗತಿದ್ದೆ. ಹೊಟ್ಟಿ ಕಿವುಚಿದ್ರೂ ನಕ್ಕೋತ ರೊಟ್ಟಿ ಬಡಿತಿದ್ದೆ. ಎಲ್ಲಿ ತಿಳಿತೈತೋ ಅಂತ ಅಂಜಕೋತ ಬಾಳೇ ಮಾಡೀನಿ. ನಿಂಗ ಆ ಅಂಜಿಕಿ ಬ್ಯಾಡ."

ಊರಿಗೆಲ್ಲ ಹೊಟ್ಟೆಯ ಸುದ್ದಿ ಹೇಳಿಕೊಂಡು ಓಡಾಡುವ ಈ ಹೆಂಗಸು ಅದೆಷ್ಟು ಕಾಲ ಬಾಯಿ ಹೊಲಿದುಕೊಂಡಿದ್ದಳೆಂದು ನನಗೆ ಅವತ್ತೇ ಗೊತ್ತಾದದ್ದು. ಹೋಗಿ ಅವಳ ಪಕ್ಕದಲ್ಲಿ ಕೂತೆ.

ಮರುದಿನ ಮಧ್ಯಾಹ್ನ ಹುಡುಗನ ಫೋನ್ ಬಂತು. ಅತ್ತೆಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

"ನಮ್ಮವ್ವ ಒಂದ ಮಾತ ಕೇಳಾಕತ್ತಾಳ. ಗುಳಿಗಿ ತೊಗೊಂಡ ಎಷ್ಟೊತ್ತಿಗೆ ನಿಂಗ ಚಹಾ ಕೊಡಬೇಕು?"

ನಾನು ಅತ್ತೆಯ ಕಡೆ ನೋಡಿದೆ. ಬಸ್ಸಿನ ತುಂಬ ಮಂದಿಗೆ ಬೇಡವೆಂದರೂ ಹೇಳುವ ಉತ್ತರ ಅದು! ಸೆರಗು ಬಾಯಿಗೆ ಒತ್ತಿಕೊಂಡು ಅವಳು ಅಳುತ್ತಿದ್ದಳು. ಕೊನೆಗೆ ನಾನೇ ಹೇಳಬೇಕಾಯಿತು, ಒಂದು ತಾಸು ಬಿಟ್ಟು ಕೊಡಲಿ ಎಂದು.